ಮುನ್ನೂರರ ತನಕ

ದಿನವಿಡೀ ನನ್ನದು ಮೂರಡಿ ದೂರದ ಕಸುಬು.
ಗಲ್ಲ ತುಸು ಕೆಳಗೆ, ಕಿವಿ ಎರಡೂ ಕಾಣಲಿ,
ನಗಬೇಡಿ, ಪಾಸ್‌ಪೋರ್ಟಿಗೆ ನಗು ನಡೆಯುವುದಿಲ್ಲ.
ಗ್ರೀನ್ ಸ್ಟ್ರೀಟಿನ ಮಹಡಿಯಲ್ಲಿ ಹತ್ತೊಂಬತ್ತು ವರ್ಷ
ನನ್ನ ಬಿಳಿ ಪರದೆಯ ಮುಂದೆ ಕೂತವರೆಲ್ಲ
ದುಬೈಗೋ ಹಡಗಿಗೋ ಹೊರಟು ನಿಂತವರು.

ಸಂಜೆ ಷಟರ್ ಎಳೆದು ಕೋಡಿಬಾಗಕ್ಕೆ ಬಂದರೆ
ಕಾಳಿ ಕಡಲಿಗೆ ಸೇರುವಲ್ಲಿ, ಬಲೆ ಕಟ್ಟುವ ಗೂಟದ ಮೇಲೆ
ಬಿಳಿಹೊಟ್ಟೆಯ ಕಡಲಹದ್ದು.
ನನ್ನ ಲೆನ್ಸಿನಲ್ಲಿ ಅದೊಂದು ಅಲ್ಪವಿರಾಮ.
ಹಿಗ್ಗಿಸಿ ನೋಡಿದರೆ
ಅಲ್ಪವಿರಾಮವೂ ಚೌಕ ಚೌಕ.

ಚೀಟಿ ಎತ್ತಿದ್ದು ಮೂವತ್ತೆರಡು ಸಾವಿರ.
ನಾಲ್ಕು ಅಮ್ಮನ ಹಲ್ಲಿಗೆ ಹೋಯಿತು.
ಉಳಿದದ್ದನ್ನು ಎದುರಿಗಿಟ್ಟುಕೊಂಡು
ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆದೆ:
ಹಕ್ಕಿ. ಕಬಡ್ಡಿ.
ಹಕ್ಕಿಗೆ ಉದ್ದ ಬೇಕು, ಕಬಡ್ಡಿಗೆ ಬೆಳಕು ಬೇಕು.
ಎರಡೂ ಇರುವ ಗಾಜಿನ ಬೆಲೆ ಕೇಳಿದರೆ
ಅಂಗಡಿಯವ ಮೊದಲು ಕುರ್ಚಿ ಕೊಡುತ್ತಾನೆ.

ಇನಾಸ್ ಮಾಮ ಒಂದು ಭಾನುವಾರದ ಮಟ್ಟಿಗೆ
ತನ್ನ ಆರುನೂರರದ್ದು ಕೊಟ್ಟ.
ಎರಡು ಕೇಜಿ. ಎತ್ತಿಕೊಂಡ ಕೂಸಿನ ಹಾಗೆ
ಹತ್ತು ನಿಮಿಷಕ್ಕೆ ತೋಳು ಬಾಡಿತು.
ಆದರೆ ಹದ್ದಿನ ಉಗುರಲ್ಲಿ ಶೇವಟೆ ಮೀನು
ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು,
ಕಂಡವಳೇ ಮೆಲ್ಲಗೆ ಅಂದೆ, ಅಯ್ಯೋ,
ಅದಕ್ಕೆ ಕೇಳಿಸೀತು ಅನ್ನುವಷ್ಟು ಹತ್ತಿರ.

ಅದೇ ರಾತ್ರಿ ಬಿಣಗಾದ ಮೈದಾನ, ಎರಡೇ ದೀಪ.
ಆರುನೂರರ ಕೊಳವೆ ಇದ್ದ ಬೆಳಕನ್ನೂ ಕುಡಿದು
ಹುಡುಗಿಯರನ್ನು ಹೊಗೆ ಮಾಡಿತು.
ರೇಡಿಗೆ ಬಂದ ಸುಗಂಧಾ ಗುನಗಿ
ನನ್ನೆದುರೇ ಗೆರೆ ಮುಟ್ಟಲು ಬಿದ್ದಳು;
ಚೌಕಟ್ಟಿನ ತುಂಬ ಬರೀ ಒಂದು ಮೊಣಕಾಲು.

ಮರುವಾರ ಹುಬ್ಬಳ್ಳಿ ಬಸ್ಸು.
ಹಳೆ ಲೆನ್ಸಿನ ಅಂಗಡಿ, ಕೈಯಲ್ಲಿ ನನ್ನದೇ ಟಾರ್ಚು.
ಮೊದಲನೆಯದು ಅಗಲ ಬಾಯಿಯ ಇನ್ನೂರು, ಅಗ್ಗ.
ಹಿಂದಿನಿಂದ ಬೆಳಕು ಬಿಟ್ಟೆ:
ಒಳಗೆ ಬಿಳಿ ನೂಲು, ನೂಲಿಗೆ ಕವಲು.
"ಕಾರವಾರದ ಕಡೆಯವರದೇ" ಎಂದ, ನಾಚದೆ.
ಗೊತ್ತಿತ್ತು. ನಮ್ಮ ಮಳೆಗಾಲ
ಗಾಜಿಗೂ ಬೇರು ಬಿಡುತ್ತದೆ.

ಎರಡನೆಯದು ಎಪ್ಪತ್ತರಿಂದ ಮುನ್ನೂರು.
ಉಂಗುರ ತುಸು ಬಿಗಿ, ಮೂತಿಗೆ ಒಂದು ಗೀರು,
ಒಳಗೆ ಶುದ್ಧ ಕತ್ತಲೆ.
ಕೈ ನಡುಕ ತಡೆಯುವ ಗುಂಡಿಯೊತ್ತಿದರೆ
ಬೆಕ್ಕಿನ ಗಂಟಲಂಥ ಗುರ್ರ್.
ಇಪ್ಪತ್ತೈದು ಅಂದ, ಇಪ್ಪತ್ತೆರಡೂವರೆಗೆ ಬಂದ.
ಚಿಲ್ಲರೆಯಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಪೊಟ್ಟಣ,
ಒಂದು ಪ್ಲೇಟು ಗಿರ್ಮಿಟ್.

ಕೋಡಿಬಾಗದ ದಂಡೆಯಿಂದ ನೋಡಿದರೆ
ಅಲ್ಪವಿರಾಮ ಈಗ ಒಂದು ಅಕ್ಷರ. ಅಷ್ಟೇ.
ಗಜಾನನ ಹರಿಕಂತ್ರ ದೋಣಿ ತೊಳೆಯುತ್ತ ಕೇಳಿದ,
"ಆ ದೊಡ್ಡದು ತಕೊಳ್ಳಲಿಲ್ಲವಾ?"
"ಲಕ್ಷದ ಹತ್ತಿರ."
"ಅಷ್ಟಕ್ಕೆ ನಂಗೆ ಇಂಜಿನ್ನೇ ಬರ್ತದೆ ಮಾರಾಯ್ತಿ,
ಹತ್ತು, ಹತ್ರ ಹೋಗ್ವ."

ಅರ್ಧ ಹೊಳೆಗೆ ಇಂಜಿನ್ ಕೊಂದ. ಆಮೇಲೆ ಗಳ,
ಗಳದಿಂದ ಇಳಿವ ಹನಿಯ ಸದ್ದು.
ಇನ್ನೂರೈವತ್ತು. ಮುನ್ನೂರು. ಉಂಗುರ ತುದಿ ಮುಟ್ಟಿತು.
ಹಕ್ಕಿಗೂ ತನ್ನದೊಂದು ಅಳತೆಯಿತ್ತು,
ಯಾವ ಗಾಜಿನ ಮೇಲೂ ಕೆತ್ತದ್ದು:
ಅದರೊಳಗೆ ನಾವು ಕಾಲಿಟ್ಟೆವು.

ಕಬಡ್ಡಿಯ ಫೋಟೋಗಳಲ್ಲಿ ಮರಳು ಚೆಲ್ಲಿದಂತೆ ಕಾಳು ಕಾಳು.
ಇನ್ನೂರಹನ್ನೊಂದು ಅಳಿಸಿದೆ, ಒಂಬತ್ತು ಉಳಿದವು;
ಒಂದರಲ್ಲಿ ಸುಗಂಧಾಳ ಬೆರಳು, ಗೆರೆ,
ನಡುವೆ ಅಕ್ಕಿಕಾಳಿನಷ್ಟು ಬಯಲು.

ಹದ್ದಿನದು ಒಂದೇ.
ಅಮ್ಮ ಹೊಸ ಹಲ್ಲು ಕಳಚಿಟ್ಟು, ಕನ್ನಡಕ ಏರಿಸಿ ನೋಡಿದಳು.
"ರೆಕ್ಕೆ ಒಂದೇ ಇದೆಯಲ್ಲೇ?"
"ಇನ್ನೊಂದು
ಆಗಲೇ ಹಾರಿತ್ತು."